"ಏನಾಗ್ತಿದೆ?" ಅಂದ್ರೆ "ಗೊತ್ತಿಲ್ಲ": ಹಸಿವು, ಭಾವನೆ ಮತ್ತು 150 ವರ್ಷದ ಒಂದು ತಪ್ಪು ತಿಳಿವಳಿಕೆ



ಶುರು ಮಾಡೋಕೆ ಮುಂಚೆ ಎರಡು ಮಾತು. ಇವತ್ತಿನ ವಿಷಯ ಈಟಿಂಗ್ ಡಿಸಾರ್ಡರ್, ಅಂದ್ರೆ ಊಟದ ಜೊತೆಗಿನ ಸಂಬಂಧವೇ ಹದಗೆಟ್ಟು ಹೋಗೋ ಕಾಯಿಲೆಗಳು. ನಿಮಗೆ ಸದ್ಯಕ್ಕೆ ಇದು ಭಾರ ಅನ್ನಿಸಿದರೆ ಇಲ್ಲೇ ನಿಲ್ಲಿಸಿ, ನನಗೇನೂ ಬೇಸರ ಇಲ್ಲ. ಇನ್ನೊಂದು: ನಾನು ಓದಿದ್ದು ಕಾಮರ್ಸ್, ಸಂಖ್ಯೆ ಇಲ್ಲದೆ ಮಾತಾಡೋದು ನನಗೆ ಕಷ್ಟ. ಆದರೂ ಈ ಎಪಿಸೋಡಲ್ಲಿ ಇಸವಿಗಳು ಬರ್ತವೆ, ತೂಕದ್ದಾಗಲಿ ಕ್ಯಾಲೊರಿಯದ್ದಾಗಲಿ ಒಂದೂ ಸಂಖ್ಯೆ ಬರಲ್ಲ. ಈ ಕಾಯಿಲೆ ಇರೋರು ಅಂಥ ಸಂಖ್ಯೆಗಳನ್ನ ಟಾರ್ಗೆಟ್ ಥರ ಇಟ್ಟುಕೊಂಡುಬಿಡೋ ಸಾಧ್ಯತೆ ಇದೆ, ಅದಕ್ಕೆ.

ನನ್ನ ಚಿಕ್ಕಮ್ಮನ ಮಗಳಿಂದ ಶುರು ಮಾಡ್ತೀನಿ. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಬೇಡ. ಡಿಗ್ರಿ ಎರಡನೇ ವರ್ಷದಲ್ಲಿ ಅವಳ ತಟ್ಟೆ ನಿಧಾನಕ್ಕೆ ಖಾಲಿ ಆಗ್ತಾ ಬಂತು. ಖಾಲಿ ಅಂದ್ರೆ ತಿಂದು ಖಾಲಿ ಅಲ್ಲ, ಬಡಿಸಿಕೊಳ್ಳೋದೇ ಕಮ್ಮಿ. "ಊಟ ಮಾಡೇ" ಅಂದ್ರೆ "ಹೊಟ್ಟೆ ತುಂಬಿದೆ". "ಬೇಜಾರಾಗಿದೆಯಾ?" "ಇಲ್ಲ." "ಯಾರ ಮೇಲಾದ್ರೂ ಕೋಪಾನಾ?" "ಇಲ್ಲ." "ಮತ್ತೆ ಏನಾಗ್ತಿದೆ ನಿಂಗೆ?" "ಗೊತ್ತಿಲ್ಲ." ಮನೇಲಿ ಎಲ್ಲರೂ ಸುಳ್ಳು ಅಂದ್ಕೊಂಡ್ವಿ. ಹಟ ಅಂದ್ಕೊಂಡ್ವಿ. "ಡ್ರಾಮಾ ಮಾಡಬೇಡ" ಅಂತ ನಾನೇ ಒಂದು ಸಲ ಬೈದಿದ್ದೀನಿ.

ಆಮೇಲೆ ಕೆಲವು ವರ್ಷ ಕಳೆದ ಮೇಲೆ ಹಿಲ್ಡೆ ಬ್ರುಖ್ ಅನ್ನೋ ಡಾಕ್ಟರ್ ಬಗ್ಗೆ ಓದಿದೆ. ಓದಿ ಮುಗಿಸಿ ಮೊದಲು ಮಾಡಿದ ಕೆಲಸ ಅವಳಿಗೆ ಫೋನ್ ಮಾಡಿದ್ದು. ಯಾಕಂದ್ರೆ ಆ "ಗೊತ್ತಿಲ್ಲ" ಅನ್ನೋ ಮಾತು ಸುಳ್ಳಲ್ಲದೇ ಇರಬಹುದು, ಅವಳು ಹೇಳಿದ್ದರಲ್ಲೇ ಅತ್ಯಂತ ನಿಜವಾದ ಮಾತು ಅದೇ ಆಗಿರಬಹುದು ಅಂತ ನನಗೆ ಅವತ್ತು ಗೊತ್ತಾಯ್ತು. ಇವತ್ತಿನ ಕಥೆ ಆ "ಗೊತ್ತಿಲ್ಲ"ದ್ದು. ಅದನ್ನ ನಂಬೋಕೆ ವೈದ್ಯಶಾಸ್ತ್ರಕ್ಕೆ ಹೆಚ್ಚುಕಮ್ಮಿ ನೂರು ವರ್ಷ ಬೇಕಾಯ್ತು.

ಕಥೆ ಶುರುವಾಗೋದು 1873ರಲ್ಲಿ, ಒಂದೇ ವರ್ಷ ಎರಡು ಊರಲ್ಲಿ. ಪ್ಯಾರಿಸ್‌ನಲ್ಲಿ ಶಾರ್ಲ್ ಲಸೇಗ್, ಲಂಡನ್‌ನಲ್ಲಿ ಸರ್ ವಿಲಿಯಂ ಗಲ್. ಗಲ್ ಸಾಮಾನ್ಯ ಡಾಕ್ಟರ್ ಅಲ್ಲ. ಗೈಸ್ ಆಸ್ಪತ್ರೆಯ ದೊಡ್ಡ ಹೆಸರು, ವಿಕ್ಟೋರಿಯಾ ರಾಣಿಯ ಮಗನಿಗೆ ಟೈಫಾಯ್ಡ್ ಆದಾಗ ಚಿಕಿತ್ಸೆ ಕೊಟ್ಟವರು. ಇಬ್ಬರೂ ನೋಡಿದ್ದು ಹೆಚ್ಚಾಗಿ ಹರೆಯದ ಹುಡುಗಿಯರನ್ನ. ಕ್ಷಯ ಇಲ್ಲ, ಜ್ವರ ಇಲ್ಲ, ಹೊಟ್ಟೆಯಲ್ಲಿ ಗಡ್ಡೆ ಇಲ್ಲ. ಆದರೂ ಊಟ ಬಿಟ್ಟು ಕರಗಿ ಹೋಗ್ತಿದ್ದಾರೆ, ಅಂಥ ಸ್ಥಿತಿಯಲ್ಲೂ ಸುಮ್ಮನೆ ಕೂರದೆ ಓಡಾಡ್ತಿದ್ದಾರೆ. ಗಲ್ ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಅಂತ ಹೆಸರಿಟ್ಟರು. 1874ರಲ್ಲಿ ಅದು ಅಚ್ಚಾಯ್ತು, ಇವತ್ತಿಗೂ ಅದೇ ಹೆಸರು.

ಇಲ್ಲೊಂದು ತಮಾಷೆ ನೋಡಿ. ಅನೊರೆಕ್ಸಿಯಾ ಅಂದ್ರೆ ಗ್ರೀಕ್ ಮೂಲದಲ್ಲಿ 'ಹಸಿವಿಲ್ಲದಿರುವಿಕೆ'. ಆದರೆ ಈ ಕಾಯಿಲೆ ಇರೋ ಎಷ್ಟೋ ಜನರಿಗೆ ಹಸಿವು ಇರುತ್ತೆ. ಅದರ ಜೊತೆ ಒಳಗೊಳಗೇ ಗುದ್ದಾಡ್ತಿರ್ತಾರೆ, ಇಲ್ಲಾ ಅದನ್ನ ಹಸಿವು ಅಂತ ಗುರುತಿಸೋಕೆ ಆಗ್ತಿರಲ್ಲ. ಅಂದ್ರೆ ಒಳಗಿರೋರ ಅನುಭವವನ್ನ ಹೊರಗಿನವರು ತಪ್ಪಾಗಿ ಬರೆದುಕೊಂಡಿದ್ದು ಕಾಯಿಲೆಯ ಹೆಸರಿನಿಂದಲೇ ಶುರು.

ಗಲ್ ಹೇಳಿದ ಚಿಕಿತ್ಸೆ ಸರಳ. ಹೊತ್ತು ಹೊತ್ತಿಗೆ ಊಟ ಕೊಡಿ, ಬೆಚ್ಚಗಿಡಿ, ಮನೆಯವರಿಂದ ದೂರ ಇಡಿ. ರೋಗಿಗೆ ಏನು ಬೇಕು ಅಂತ ಕೇಳೋಕೆ ಹೋಗಲೇಬೇಡಿ. ಇದು ಕ್ರೂರ ಅನ್ನಿಸುತ್ತೆ. ಆದರೆ ಕಣ್ಣೆದುರು ಹುಡುಗಿಯರು ಸಾಯ್ತಿದ್ದಾಗ ಒಬ್ಬ ಡಾಕ್ಟರ್‌ಗೆ ಆಗಿರಬಹುದಾದ ಭಯವನ್ನೂ ನಾವು ಅರ್ಥ ಮಾಡ್ಕೋಬೇಕು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯೋ ಕಾಯಿಲೆಗಳ ಪಟ್ಟಿಯಲ್ಲಿ ಅನೊರೆಕ್ಸಿಯಾ ಇವತ್ತಿಗೂ ಮೇಲೇ ಇದೆ.

ಲಸೇಗ್ ಸ್ವಲ್ಪ ಬೇರೆ. ಅವರು ಮನೆಯನ್ನ ಗಮನಿಸಿದರು. ಮನೆಯವರ ಕೈಲಿ ಎರಡೇ ಅಸ್ತ್ರ, ಒಂದು ಅಂಗಲಾಚೋದು, ಇನ್ನೊಂದು ಬೆದರಿಸೋದು, ಎರಡೂ ಕೆಲಸ ಮಾಡಲ್ಲ ಅಂತ ಬರೆದರು. ಓದ್ತಾ ನಮ್ಮ ಮನೆ ಡೈನಿಂಗ್ ಟೇಬಲ್ ಕಣ್ಣ ಮುಂದೆ ಬಂತು. ರೋಗಿ ತನಗೆ ನೋವೇ ಇಲ್ಲ, ಅದಕ್ಕೆ ತಾನು ರೋಗಿಯೇ ಅಲ್ಲ ಅಂತಾಳೆ ಅನ್ನೋದನ್ನೂ ಅವರು ದಾಖಲಿಸಿದರು. ಆದರೆ ಅಲ್ಲೇ ನಿಂತುಬಿಟ್ಟರು. ಅವಳ ಆ ನೆಮ್ಮದಿ ಕೂಡ ಕಾಯಿಲೆಯ ಒಂದು ವಿಕಾರ ಅಂತ ತೀರ್ಮಾನ ಆಯ್ತು. 'ಅವಳಿಗೆ ನಿಜವಾಗ್ಲೂ ಒಳಗಿನದ್ದು ಕೇಳಿಸ್ತಿಲ್ವಾ?' ಅನ್ನೋ ಪ್ರಶ್ನೆ ಅವತ್ತು ಯಾರಿಗೂ ಹೊಳೀಲಿಲ್ಲ.

ಆಮೇಲೆ ಕಥೆ ಇನ್ನೊಂದು ದಿಕ್ಕಿಗೆ ಹೋಯ್ತು. 1914ರಲ್ಲಿ ಹ್ಯಾಂಬರ್ಗ್‌ನ ಮಾರಿಸ್ ಸಿಮಂಡ್ಸ್ ಅನ್ನೋ ವೈದ್ಯರು, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಹಾಳಾದರೆ ದೇಹ ಸೊರಗುತ್ತೆ ಅಂತ ತೋರಿಸಿದರು. ಅದಾದ ಮೇಲೆ ಸುಮಾರು ಎರಡು ದಶಕ, ಊಟ ಬಿಟ್ಟ ಹುಡುಗಿ ಕಂಡರೆ ಎಷ್ಟೋ ಡಾಕ್ಟರ್‌ಗಳು ಗ್ರಂಥಿ ಹುಡುಕೋಕೆ ಶುರು ಮಾಡಿದರು. ಅವಳ ಭಾವನೆ ಕೇಳೋದು ಇರಲಿ, ಅವಳಿಗೆ ಭಾವನೆ ಇದೆ ಅನ್ನೋದೇ ಲೆಕ್ಕಕ್ಕೆ ಬರಲಿಲ್ಲ.

ಈಗ ಹಿಲ್ಡೆ ಬ್ರುಖ್. ಹುಟ್ಟಿದ್ದು 1904ರಲ್ಲಿ, ಜರ್ಮನಿಯ ಡುಲ್ಕೆನ್ ಅನ್ನೋ ಚಿಕ್ಕ ಊರಲ್ಲಿ, ಯಹೂದಿ ಕುಟುಂಬದಲ್ಲಿ. ಮಕ್ಕಳ ಡಾಕ್ಟರ್ ಆದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ದೇಶ ಬಿಟ್ಟು ಇಂಗ್ಲೆಂಡಿಗೆ, ಮುಂದಿನ ವರ್ಷ ನ್ಯೂಯಾರ್ಕಿಗೆ. ಅಲ್ಲಿ ಬೇಬೀಸ್ ಹಾಸ್ಪಿಟಲ್‌ನಲ್ಲಿ ಅವರ ಪಾಲಿಗೆ ಬಂದಿದ್ದು ದಪ್ಪ ಇರೋ ಮಕ್ಕಳ ಅಧ್ಯಯನ.

ಆಗಲೂ ಗ್ರಂಥಿಯದ್ದೇ ಕಾಲ. ಮಗು ದಪ್ಪ ಇದೆಯಾ, ಗ್ರಂಥಿ ಸರಿ ಇಲ್ಲ, ಮುಗೀತು. ಬ್ರುಖ್ ಒಂದೊಂದೇ ಮಗುವನ್ನ ಪರೀಕ್ಷೆ ಮಾಡಿದರು. ಹೆಚ್ಚಿನವರ ಗ್ರಂಥಿ ಸರಿಯಾಗೇ ಇತ್ತು. ವಯಸ್ಸಿಗೆ ಸ್ವಲ್ಪ ಎತ್ತರವೇ ಬೆಳೆದಿದ್ದರು. ಆಗ ಅವರು ಮಕ್ಕಳ ಮನೆ ಕಡೆ ತಿರುಗಿದರು. 1940ರ ಹೊತ್ತಿಗೆ ಆ ಕುಟುಂಬಗಳ ಬಗ್ಗೆ ಬರೆದರು. ಕೆಲವು ಮನೆಗಳಲ್ಲಿ ಮಗುವಿನ ಪ್ರತಿ ಅಳುವಿಗೂ ಒಂದೇ ಉತ್ತರ, ಊಟ. ಭಯಕ್ಕೆ ಊಟ, ಬೋರ್ ಆದ್ರೆ ಊಟ, ಬಿದ್ದು ಮಂಡಿ ತರಚಿದ್ರೂ ಊಟ.

ಆಮೇಲೆ ಮನೋವೈದ್ಯಶಾಸ್ತ್ರ ಕಲಿತು ಬ್ರುಖ್ ಅನೊರೆಕ್ಸಿಯಾ ರೋಗಿಗಳನ್ನ ನೋಡೋಕೆ ಶುರು ಮಾಡಿದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಹೊರಗಿನಿಂದ ನೋಡಿದರೆ ದಪ್ಪ ಮಗು ಒಂದು ತುದಿ, ಉಪವಾಸ ಬಿದ್ದ ಹುಡುಗಿ ಇನ್ನೊಂದು ತುದಿ. ಆದರೆ ಮಾತಾಡಿಸಿದರೆ ಇಬ್ಬರೂ ಒಂದೇ ಥರ ತಡವರಿಸ್ತಾರೆ. ಹಸಿವಾಗಿದೆಯಾ? ಗೊತ್ತಿಲ್ಲ. ಸುಸ್ತಾಗಿದೆಯಾ? ಗೊತ್ತಿಲ್ಲ. ಚಳಿಯಾಗ್ತಿದೆಯಾ, ಸಿಟ್ಟು ಬಂದಿದೆಯಾ, ಅಳು ಬರ್ತಿದೆಯಾ? ಗೊತ್ತಿಲ್ಲ.

1962ರಲ್ಲಿ ಅವರು ಒಂದು ಪ್ರಬಂಧ ಬರೆದರು. ಅನೊರೆಕ್ಸಿಯಾದ ತಿರುಳಲ್ಲಿ ಮೂರು ವಿಷಯ ಇದೆ ಅಂದರು. ಒಂದು, ತನ್ನ ದೇಹದ ಆಕಾರ ತನಗೇ ತಪ್ಪಾಗಿ ಕಾಣೋದು. ಎರಡು, ದೇಹದ ಒಳಗಿಂದ ಬರೋ ಸೂಚನೆಗಳನ್ನ, ಹಸಿವು, ದಣಿವು, ಭಾವನೆ ಎಲ್ಲವನ್ನೂ, ಗುರುತಿಸೋಕೆ ಆಗದಿರೋದು. ಮೂರು, ನನ್ನ ಕೈಲಿ ಏನೂ ಇಲ್ಲ, ನಾನು ಬೇರೆಯವರು ಹೇಳಿದ್ದನ್ನ ಮಾಡೋಳು ಅಷ್ಟೇ ಅನ್ನೋ ಆಳವಾದ ನಿಸ್ಸಹಾಯಕತೆ.

ಮೂರನೇದನ್ನ ಸ್ವಲ್ಪ ಯೋಚನೆ ಮಾಡಿ. ಹೊರಗಿನವರಿಗೆ ಕಾಣೋದು ಉಕ್ಕಿನಂಥ ಹಟ. ಬ್ರುಖ್‌ಗೆ ಕಂಡಿದ್ದು, ತನ್ನದು ಅಂತ ಹೇಳಿಕೊಳ್ಳೋಕೆ ಬೇರೇನೂ ಸಿಗದೆ ತಟ್ಟೆ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿರೋ ವ್ಯಕ್ತಿ. 1978ರಲ್ಲಿ ಅವರು ಸಾಮಾನ್ಯ ಓದುಗರಿಗೆ ಅಂತ ಬರೆದ ಪುಸ್ತಕದ ಹೆಸರು 'ದಿ ಗೋಲ್ಡನ್ ಕೇಜ್', ಬಂಗಾರದ ಪಂಜರ. ಆ ಹೋಲಿಕೆ ಕೊಟ್ಟಿದ್ದು ಅವರ ಒಬ್ಬ ರೋಗಿಯೇ. ಎಲ್ಲ ಇರೋ ಮನೆಯಲ್ಲಿ ತಾನೊಂದು ಗುಬ್ಬಚ್ಚಿ ಅನ್ನೋ ಭಾವ.

ಹಾಗಾದರೆ ಚಿಕಿತ್ಸೆ ಏನು? ಆ ಕಾಲದ ಮನೋವಿಶ್ಲೇಷಣೆಯ ಕ್ರಮ ಹೀಗಿತ್ತು: ರೋಗಿ ಮಾತಾಡ್ತಾಳೆ, ಡಾಕ್ಟರ್ ಅದರ ಗುಟ್ಟಾದ ಅರ್ಥ ಹೇಳ್ತಾರೆ. ನಿನಗೆ ನಿಜವಾಗಿ ಅನ್ನಿಸ್ತಿರೋದು ಇದು ಅಂತ. ಬ್ರುಖ್ ಅದನ್ನ ವಿರೋಧಿಸಿದರು. ಜೀವನಪೂರ್ತಿ ಬೇರೆಯವರೇ 'ನಿನಗೆ ಹೀಗೆ ಅನ್ನಿಸ್ತಿದೆ' ಅಂತ ಹೇಳಿದ್ದನ್ನ ಕೇಳಿ ಬಂದವಳಿಗೆ ಡಾಕ್ಟರ್ ಕೂಡ ಅದನ್ನೇ ಮಾಡಿದರೆ, ಅದು ಚಿಕಿತ್ಸೆ ಅಲ್ಲ, ಕಾಯಿಲೆಯ ಮುಂದುವರಿಕೆ ಅನ್ನೋದು ಅವರ ವಾದ. ಅವರ ಪ್ರಕಾರ ಡಾಕ್ಟರ್‌ಗೆ ಗೊತ್ತಿಲ್ಲದಿರೋದೇ ಒಂದು ಉಪಕರಣ. ನನಗೂ ಗೊತ್ತಿಲ್ಲ, ಬಾ ಇಬ್ಬರೂ ಹುಡುಕೋಣ. ಮೊದಲು ಅವಳೇ ತನ್ನೊಳಗಿನ ಒಂದು ಸಣ್ಣ ಸೂಚನೆಯನ್ನ ಗುರುತಿಸಲಿ, ಹೆಸರು ಅವಳೇ ಇಡಲಿ. ಗಲ್ 'ಅವಳನ್ನ ಕೇಳಲೇಬೇಡಿ' ಅಂದಿದ್ದರು. ಬ್ರುಖ್ 'ಅವಳನ್ನೇ ಕೇಳಿ, ಉತ್ತರ ಬರೋ ತನಕ ಕಾಯಿರಿ' ಅಂದರು.

ಹೆಚ್ಚುಕಮ್ಮಿ ಅದೇ ಸಮಯಕ್ಕೆ ಬಾಸ್ಟನ್‌ನಲ್ಲಿ ಇನ್ನಿಬ್ಬರು ಡಾಕ್ಟರ್‌ಗಳು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬರ್ತಿದ್ದರು. ಜಾನ್ ನೆಮಾಯ ಮತ್ತು ಗ್ರೀಸ್‌ನಲ್ಲಿ ಹುಟ್ಟಿದ ಪೀಟರ್ ಸಿಫ್ನಿಯೋಸ್. ಅವರು ನೋಡ್ತಿದ್ದಿದ್ದು ಮನಸ್ಸಿನ ಒತ್ತಡ ದೇಹದ ಕಾಯಿಲೆಯಾಗಿ ಕಾಣಿಸಿಕೊಳ್ಳೋ ರೋಗಿಗಳನ್ನ. ಅವರಿಗೆ ಎಷ್ಟೋ ಜನ ಭಾವನೆ ಬಗ್ಗೆ ಕೇಳಿದರೆ ದೇಹದ ಬಗ್ಗೆಯೋ ಅವತ್ತು ನಡೆದ ಘಟನೆಗಳ ಬಗ್ಗೆಯೋ ಉತ್ತರ ಕೊಡೋದು ಕಂಡಿತು. 1970ರ ದಶಕದ ಆರಂಭದಲ್ಲಿ ಸಿಫ್ನಿಯೋಸ್ ಇದಕ್ಕೊಂದು ಗ್ರೀಕ್ ಪದ ಕಟ್ಟಿದರು: ಅಲೆಕ್ಸಿಥೈಮಿಯಾ. ಅ ಅಂದ್ರೆ ಇಲ್ಲ, ಲೆಕ್ಸಿಸ್ ಅಂದ್ರೆ ಮಾತು, ಥೈಮೋಸ್ ಅಂದ್ರೆ ಭಾವ. ಭಾವಕ್ಕೆ ಮಾತಿಲ್ಲದಿರುವಿಕೆ.

ಇದು ಭಾವನೆ ಇಲ್ಲದಿರೋದಲ್ಲ. ಕಾಮರ್ಸ್ ಓದಿದವರಿಗೆ ಸಸ್ಪೆನ್ಸ್ ಅಕೌಂಟ್ ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ, ಯಾವ ಖಾತೆಗೆ ಸೇರಿದ್ದು ಅಂತ ಗೊತ್ತಾಗದ ಮೊತ್ತವನ್ನ ತಾತ್ಕಾಲಿಕವಾಗಿ ಅಲ್ಲಿ ಹಾಕಿಡ್ತೀವಿ. ಆ ಮೊತ್ತ ಸುಳ್ಳಲ್ಲ. ಯಾವ ಖಾತೆಯದ್ದು ಅನ್ನೋದು ಗೊತ್ತಿಲ್ಲ ಅಷ್ಟೇ. ಕೆಲವರ ಒಳಗೆ ಕೋಪ, ಅವಮಾನ, ಒಂಟಿತನ, ಹಸಿವು ಎಲ್ಲ ಹೀಗೆ ಒಂದೇ ಸಸ್ಪೆನ್ಸ್ ಅಕೌಂಟಲ್ಲಿ ಬಿದ್ದಿರುತ್ತೆ. ಭಾರ ಗೊತ್ತಾಗುತ್ತೆ, ಹೆಸರು ಗೊತ್ತಾಗಲ್ಲ. ಒಬ್ಬರು ಆ ಭಾರ ಇಳಿಸೋಕೆ ಊಟ ಬಿಡ್ತಾರೆ. ಇನ್ನೊಬ್ಬರು ಅದೇ ಭಾರ ಮರೆಯೋಕೆ ವಿಪರೀತ ತಿಂತಾರೆ. 1979ರಲ್ಲಿ ಲಂಡನ್‌ನ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ ಅಂತ ಪ್ರತ್ಯೇಕವಾಗಿ ವಿವರಿಸಿದ ಕಾಯಿಲೆಯಲ್ಲಿ, ಹಾಗೆ ತಿಂದ ಮೇಲೆ ಅದನ್ನ ಹೇಗಾದರೂ ದೇಹದಿಂದ ಹೊರಗೆ ಹಾಕೋ ಒತ್ತಡವೂ ಸೇರಿಕೊಳ್ಳುತ್ತೆ. ಮತ್ತೆ, ನಾನು ಇಷ್ಟೊತ್ತು 'ಅವಳು' ಅಂತಿದ್ದೀನಿ, ಆದರೆ ಗಂಡುಮಕ್ಕಳಿಗೂ ಇದು ಬರುತ್ತೆ. ಗಲ್ ಕೂಡ ಅವತ್ತೇ ಇದನ್ನ ಗುರುತಿಸಿದ್ದರು.

ಆಮೇಲೆ ಅಳೆಯೋ ಕೆಲಸ ಶುರುವಾಯ್ತು, ಅದೂ ಹೆಚ್ಚಾಗಿ ಕೆನಡಾದ ಟೊರೊಂಟೊ ಸುತ್ತಮುತ್ತ. 1983ರಲ್ಲಿ ಡೇವಿಡ್ ಗಾರ್ನರ್ ಮತ್ತು ಸಂಗಡಿಗರು 64 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದರ ಎಂಟು ಭಾಗಗಳಲ್ಲಿ ಒಂದು ಪೂರ್ತಿಯಾಗಿ ದೇಹದ ಒಳಗಿನ ಅರಿವಿನ ಬಗ್ಗೆ, ಅಂದ್ರೆ ಬ್ರುಖ್ ಹೇಳಿದ ಆ ಎರಡನೇ ವಿಷಯ. ಬ್ರುಖ್ ತೀರಿಕೊಂಡಿದ್ದು 1984ರಲ್ಲಿ. 1994ರಲ್ಲಿ ಟೊರೊಂಟೊ ಅಲೆಕ್ಸಿಥೈಮಿಯಾ ಸ್ಕೇಲ್‌ನ 20 ಪ್ರಶ್ನೆಗಳ ರೂಪ ಬಂತು. ಅದು ಮೂರು ವಿಷಯ ಅಳೆಯುತ್ತೆ: ಭಾವನೆ ಗುರುತಿಸೋ ಕಷ್ಟ, ಭಾವನೆ ಹೇಳಿಕೊಳ್ಳೋ ಕಷ್ಟ, ಒಳಗಿನದ್ದು ಬಿಟ್ಟು ಹೊರಗಿನ ವಿವರಗಳ ಬಗ್ಗೆಯೇ ಯೋಚಿಸೋ ಅಭ್ಯಾಸ. ಅಂದಿನಿಂದ ಇಂದಿನವರೆಗೆ ಬಂದ ಅಧ್ಯಯನಗಳನ್ನ ಒಟ್ಟಿಗೆ ನೋಡಿದರೆ ಚಿತ್ರ ಸ್ಪಷ್ಟ. ಈಟಿಂಗ್ ಡಿಸಾರ್ಡರ್ ಇರೋರಲ್ಲಿ ಈ ಕಷ್ಟ ಉಳಿದವರಿಗಿಂತ ಜಾಸ್ತಿ.

ಇಲ್ಲಿಗೆ ಕಥೆ ಮುಗಿಸಿದರೆ ಬ್ರುಖ್ ಹೀರೋಯಿನ್, ಚಪ್ಪಾಳೆ. ಆದರೆ ಹಾಗೆ ಮಾಡಿದರೆ ಮೋಸ ಆಗುತ್ತೆ. ಎರಡು ತಕರಾರು ಇವೆ.

ಮೊದಲನೇದು ಅಮ್ಮಂದಿರದ್ದು. ಮಗುವಿಗೆ ಹಸಿವು ಗುರುತಿಸೋಕೆ ಬರದಿರೋದಕ್ಕೆ ಬ್ರುಖ್ ಕೊಟ್ಟ ಕಾರಣ, ಮಗುವಿನ ಸೂಚನೆಗೆ ತಾಯಿ ಸರಿಯಾಗಿ ಸ್ಪಂದಿಸದೆ ಇದ್ದದ್ದು. ಕೇಳೋಕೆ ತರ್ಕಬದ್ಧವಾಗಿದೆ. ಆದರೆ ಇದರಿಂದ ಎಷ್ಟೋ ತಾಯಂದಿರು ದಶಕಗಟ್ಟಲೆ ತಪ್ಪಿತಸ್ಥರ ಜಾಗದಲ್ಲಿ ಕೂರಬೇಕಾಯ್ತು. ಈ ಕಾಯಿಲೆಗೆ ಕುಟುಂಬವೇ ಮುಖ್ಯ ಕಾರಣ ಅನ್ನೋ ಮಾತನ್ನ ಇವತ್ತಿನ ತಜ್ಞರು ಒಪ್ಪಲ್ಲ. ಆನುವಂಶಿಕತೆಗೂ ಇದರಲ್ಲಿ ದೊಡ್ಡ ಪಾಲಿದೆ ಅಂತ ಈಗ ಗೊತ್ತು. ಅಷ್ಟೇ ಅಲ್ಲ, ಲಂಡನ್‌ನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಶುರುವಾಗಿ 1987ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗ ಕಥೆಯನ್ನ ತಿರುಗಿಸಿಬಿಟ್ಟಿತು. ಕಾಯಿಲೆ ಶುರುವಾಗಿ ತುಂಬಾ ಸಮಯ ಆಗಿಲ್ಲದ ಹರೆಯದವರಲ್ಲಿ ಮನೆಯವರನ್ನ ಸೇರಿಸಿಕೊಂಡು ಮಾಡೋ ಚಿಕಿತ್ಸೆಯೇ ಚೆನ್ನಾಗಿ ಕೆಲಸ ಮಾಡ್ತು. ಗಲ್ ದೂರ ಇಡಿ ಅಂದಿದ್ದ ಮನೆಯವರು ಈಗ ಚಿಕಿತ್ಸೆಯ ಭಾಗ. ನನ್ನ ಚಿಕ್ಕಮ್ಮನಿಗೆ ನಾನು ಈ ವಿಷಯ ಎರಡು ಸಲ ಹೇಳಿದ್ದೀನಿ. ಎರಡು ಸಲವೂ ಅವರು ಸುಮ್ಮನೆ ಕೇಳಿಸಿಕೊಂಡು ಅಡುಗೆಮನೆಗೆ ಎದ್ದು ಹೋದರು.

ಎರಡನೇ ತಕರಾರು ಇನ್ನೂ ಗಟ್ಟಿ. ಭಾವನೆ ಗೊತ್ತಾಗದೆ ಊಟ ಬಿಡ್ತಾರಾ, ಅಥವಾ ಊಟ ಬಿಟ್ಟಿದ್ದಕ್ಕೆ ಭಾವನೆ ಗೊತ್ತಾಗಲ್ವಾ? ಇದಕ್ಕೆ 1944ಕ್ಕೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತು. ಯುರೋಪಿನಲ್ಲಿ ಕೋಟಿಗಟ್ಟಲೆ ಜನ ಹಸಿದಿದ್ದಾರೆ, ಅವರಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳ್ಕೋಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಯುವಕರನ್ನ ಆರಿಸಿದರು. ಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂದಿದ್ದವರು, ಆದರೆ ಬೇರೆ ರೀತಿ ಸೇವೆ ಮಾಡ್ತೀವಿ ಅಂತ ತಾವಾಗೇ ಬಂದವರು. ದೇಹ, ಮನಸ್ಸು ಎರಡೂ ಗಟ್ಟಿ. ಅವರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ.

ಏನಾಯ್ತು ಗೊತ್ತಾ? ಈ ಗಟ್ಟಿ ಹುಡುಗರು ಸಣ್ಣ ಸಣ್ಣದಕ್ಕೆ ರೇಗೋಕೆ ಶುರು ಮಾಡಿದರು. ನಗು ಹೋಯ್ತು. ಸ್ನೇಹಿತರು ಬೇಡ, ಹುಡುಗಿಯರು ಬೇಡ. ಒಂದು ಚೂರು ಊಟವನ್ನ ಗಂಟೆಗಟ್ಟಲೆ ಎಳೆದು ತಿನ್ನೋರು. ಕೆಲವರು ಅಡುಗೆ ಪುಸ್ತಕಗಳನ್ನ ಕೂಡಿಟ್ಟು ಓದೋರು. ಪ್ರಯೋಗ ಮುಗಿದು ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿದ ಭಾವ ಬರಲಿಲ್ಲ. 1950ರಲ್ಲಿ ಕೀಸ್ ಇದನ್ನೆಲ್ಲ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದರು.

ಅಂದ್ರೆ ಹಸಿವು ಒಂದೇ ಸಾಕು, ಯಾರ ಮನಸ್ಸನ್ನಾದರೂ ಮಂಕು ಮಾಡೋಕೆ. ಆದ್ದರಿಂದ ಇವತ್ತಿನ ತಿಳಿವಳಿಕೆ ಎರಡೂ ಕಡೆಯಿಂದ. ಕೆಲವರಿಗೆ ಭಾವನೆ ಗುರುತಿಸೋದು ಮೊದಲಿಂದಲೇ ಕಷ್ಟ ಇರಬಹುದು. ಊಟ ಬಿಟ್ಟಾಗ ಅದು ಇನ್ನೂ ಮಂಕಾಗುತ್ತೆ. ಮಂಕಾದಷ್ಟೂ ನೋವು ಕಮ್ಮಿ, ಹಾಗಾಗಿ ಊಟ ಬಿಡೋದು ಒಂಥರಾ ನೆಮ್ಮದಿ ಅನ್ನಿಸೋಕೆ ಶುರುವಾಗುತ್ತೆ. ಅಲ್ಲಿಗೆ ಸುಳಿ ಪೂರ್ತಿ. ಅದಕ್ಕೇ ಡಾಕ್ಟರ್‌ಗಳು ಮನಸ್ಸು ಸರಿಹೋಗಲಿ, ಆಮೇಲೆ ಊಟ ಅಂತ ಕಾಯಲ್ಲ. ಊಟ ಮತ್ತು ದೇಹದ ಸುರಕ್ಷತೆ ಮೊದಲು, ಭಾವನೆಯ ಕೆಲಸ ಅದರ ಜೊತೆಜೊತೆಗೆ. ಈ ಮಟ್ಟಿಗೆ ಗಲ್ ಹೇಳಿದ್ದರಲ್ಲೂ ಅರ್ಧ ಸತ್ಯ ಇತ್ತು.

ಇನ್ನು ಬೇರೆಯವರ ಭಾವನೆ ಗುರುತಿಸೋದು. ಈ ಕಾಯಿಲೆ ಇರೋರಿಗೆ ಮುಖ ನೋಡಿ ಎದುರಿನವರ ಕೋಪ, ಬೇಸರ ಪತ್ತೆ ಮಾಡೋದು ಕಷ್ಟ ಅಂತ ಕೆಲವು ಪ್ರಯೋಗಗಳು ಹೇಳ್ತಿದ್ದವು, ಕೆಲವು ಹಾಗೇನಿಲ್ಲ ಅಂತಿದ್ದವು. ಗೊಂದಲ. 2015ರಲ್ಲಿ ಲಂಡನ್‌ನ ರೆಬೆಕಾ ಬ್ರೂವರ್ ಮತ್ತು ಸಂಗಡಿಗರು ಇದನ್ನ ಬಿಡಿಸಿ ನೋಡಿದರು. ಮುಖ ಓದೋ ಕಷ್ಟ ಬರ್ತಿದ್ದಿದ್ದು ಈಟಿಂಗ್ ಡಿಸಾರ್ಡರ್‌ನಿಂದ ಅಲ್ಲ, ಅದರ ಜೊತೆ ಇರೋ ಅಲೆಕ್ಸಿಥೈಮಿಯಾದಿಂದ ಅನ್ನೋದು ಅವರ ಫಲಿತಾಂಶ. ಕಾಯಿಲೆ ಇದ್ದೂ ತಮ್ಮ ಭಾವನೆಗೆ ಹೆಸರು ಗೊತ್ತಿರೋರು ಬೇರೆಯವರ ಮುಖವನ್ನೂ ಉಳಿದವರ ಹಾಗೇ ಓದ್ತಾರೆ. ಅಂದ್ರೆ ಈ ಕಾಯಿಲೆ ಇರೋ ಎಲ್ಲರನ್ನೂ 'ಭಾವನೆ ಅರ್ಥ ಆಗದವರು' ಅಂತ ಒಂದೇ ಚೀಲಕ್ಕೆ ಹಾಕೋದೂ ತಪ್ಪು.

ಈಗ ನಮ್ಮ ಕಡೆ ಬರೋಣ. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಒಂದು ಮುಖ್ಯವಾದ ಮಾತು ಬರೆದರು. ಅವರ ಎಷ್ಟೋ ರೋಗಿಗಳು 'ದಪ್ಪ ಆಗ್ತೀನಿ ಅಂತ ಭಯ' ಅಂತ ಹೇಳ್ತಾನೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಅಂತಿದ್ದರು. ಆದರೆ ಪಾಶ್ಚಾತ್ಯ ಪುಸ್ತಕದ ಪ್ರಕಾರ ಆ ಭಯದ ಮಾತು ಬಂದರೆ ಮಾತ್ರ ಅನೊರೆಕ್ಸಿಯಾ. ದೆಹಲಿಯ ಏಮ್ಸ್ ವೈದ್ಯರು 1995ರಲ್ಲಿ ವರದಿ ಮಾಡಿದ ಭಾರತದ ರೋಗಿಗಳ ಚಿತ್ರವೂ ಪುಸ್ತಕದ ಚಿತ್ರಕ್ಕೆ ಪೂರ್ತಿ ಹೊಂದಲಿಲ್ಲ. ಅದಕ್ಕೆ ಮುಂಚೆ, 1989ರಲ್ಲಿ, ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಪಾಶ್ಚಾತ್ಯ ಪ್ರಶ್ನೆಪಟ್ಟಿ ಕೊಟ್ಟಾಗ, ಕೆಲವು ಪ್ರಶ್ನೆಗಳನ್ನ ಹುಡುಗಿಯರು ಬೇರೆಯೇ ಅರ್ಥದಲ್ಲಿ ತಗೊಂಡಿದ್ದು ಗೊತ್ತಾಯ್ತು. ಯೋಚನೆ ಮಾಡಿ, ಏಕಾದಶಿ, ಶನಿವಾರದ ಒಪ್ಪೊತ್ತು ಇರೋ ಮನೆಯಲ್ಲಿ ಬೆಳೆದವಳಿಗೆ ಊಟದಲ್ಲಿ ಸಂಯಮ ಇದೆಯಾ ಅಂತ ಕೇಳಿದರೆ ಹೆಮ್ಮೆಯಿಂದ ಹೌದು ಅಂತಾಳೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬದಲಾಯ್ತು. ಬಾಯಲ್ಲಿ ಭಯ ಹೇಳಲೇಬೇಕು ಅಂತಿಲ್ಲ, ನಡವಳಿಕೆಯಲ್ಲಿ ಕಂಡರೂ ಸಾಕು.

ನನ್ನ ತಂಗಿ ಹೇಳ್ತಿದ್ದಿದ್ದೂ 'ಹೊಟ್ಟೆ ಉಬ್ಬರ' ಅಂತಲೇ. ಮೊದಲು ತೋರಿಸಿದ ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಎಂಟು ತಿಂಗಳು ಅದರಲ್ಲೇ ಹೋಯ್ತು.

ಕನ್ನಡದಲ್ಲಿ ಒಂದು ವಿಶೇಷ ಇದೆ, ಗಮನಿಸಿದ್ದೀರಾ? ನಮ್ಮ ಅರ್ಧ ಭಾವನೆ ಹೊಟ್ಟೆಯಲ್ಲೇ ಇದೆ. ಅಸೂಯೆಗೆ ಹೊಟ್ಟೆಕಿಚ್ಚು. ಕನಿಕರಕ್ಕೆ ಕರುಳು ಚುರ್ ಅನ್ನುತ್ತೆ. ಅವಮಾನವನ್ನ ನುಂಗಿಕೊಳ್ತೀವಿ. ಕ್ಷಮಿಸಿ ಅನ್ನೋಕೆ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಂತೀವಿ. ಸಂಕಟ ಅಂದ್ರೆ ಹೊಟ್ಟೆಯದ್ದೂ ಹೌದು, ಮನಸ್ಸಿನದ್ದೂ ಹೌದು. ಹಾಗಾಗಿ ಯಾರಾದರೂ "ಹೊಟ್ಟೆಯಲ್ಲಿ ಏನೋ ಸಂಕಟ" ಅಂದರೆ ಅದನ್ನ ಬರೀ ಗ್ಯಾಸ್ ಅಂತ ತಳ್ಳಿಹಾಕಬೇಡಿ, ಬರೀ ಮನಸ್ಸು ಅಂತಲೂ ತೀರ್ಪು ಕೊಡಬೇಡಿ. ಮತ್ತೆ 'ಬೇಜಾರು' ಅನ್ನೋ ಪದ. ಬೋರ್ ಆದ್ರೂ ಬೇಜಾರು, ದುಃಖ ಆದ್ರೂ ಬೇಜಾರು, ಕೋಪ ಬಂದ್ರೂ ಬೇಜಾರು, ಯಾರಾದ್ರೂ ಸತ್ತರೂ ಬೇಜಾರು. ಅದು ನಮ್ಮೆಲ್ಲರ ಸಸ್ಪೆನ್ಸ್ ಅಕೌಂಟ್. ಇದು ಕಾಯಿಲೆ ಅಲ್ಲ, ಪದದ ಅನುಕೂಲ. ಆದರೆ ಒಳಗೆ ಸಿಕ್ಕಿಹಾಕಿಕೊಂಡಿರೋರಿಗೆ 'ಬೇಜಾರಾ?' ಅಂತ ಕೇಳಿದರೆ ನಾವು ಕೈಗೆ ಏನನ್ನೂ ಕೊಟ್ಟಹಾಗಾಗಲ್ಲ.

ಇವತ್ತಿನ ಚಿಕಿತ್ಸೆಗಳಲ್ಲಿ ಈ ಹೆಸರಿಡೋ ಅಭ್ಯಾಸವನ್ನೇ ಕಲಿಸ್ತಾರೆ. ಲಂಡನ್‌ನಲ್ಲಿ ಕೇಟ್ ಚಂತೂರಿಯಾ ಅವರ ತಂಡ ಆಸ್ಪತ್ರೆಯಲ್ಲಿರೋ ಅನೊರೆಕ್ಸಿಯಾ ರೋಗಿಗಳಿಗೆ ಅಂತಲೇ, ಭಾವನೆ ಗುರುತಿಸೋಕೆ, ಹೇಳಿಕೊಳ್ಳೋಕೆ ಸಹಾಯ ಮಾಡೋ ಚಿಕ್ಕ ತರಬೇತಿ ಕ್ರಮ ರೂಪಿಸಿದೆ. ಅದರಲ್ಲಿ ಜಾದೂ ಏನಿಲ್ಲ. ನಿಧಾನಕ್ಕೆ, ಸಣ್ಣ ಸಣ್ಣ ವಿಷಯದಿಂದ ಶುರು. ಹಳೇ ಎಂಟ್ರಿಗಳನ್ನ ಒಂದೊಂದಾಗಿ ಸರಿಯಾದ ಖಾತೆಗೆ ಹಾಕೋ ಹಾಗೆ.

ಫೋನ್ ಮಾಡಿದೆ ಅಂದೆನಲ್ಲ, ಅವತ್ತು ನಾನು ಕ್ಷಮೆ ಕೇಳಿದೆ. "ನೀನು ಗೊತ್ತಿಲ್ಲ ಅಂದಾಗ ಸುಳ್ಳು ಅಂದ್ಕೊಂಡೆ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಎರಡನೇ ಪ್ರಶ್ನೆ ಕೇಳ್ಲಿಲ್ಲ ಕಣೋ. ಗೊತ್ತಿಲ್ಲ ಅಂದ ತಕ್ಷಣ ಎಲ್ಲರೂ ತಾವೇ ಉತ್ತರ ಹೇಳೋರು" ಅಂದಳು. ಚಿಕಿತ್ಸೆ ಈಗಲೂ ನಡೀತಿದೆ. ಒಳ್ಳೆ ದಿನ ಇರುತ್ತೆ, ಇಲ್ಲದ ದಿನವೂ ಇರುತ್ತೆ. ಹೋದ ತಿಂಗಳು ಒಂದು ಮೆಸೇಜ್ ಕಳಿಸಿದ್ದಳು: "ಇವತ್ತು ಬೇಜಾರಲ್ಲ, ಹೊಟ್ಟೆ ಉಬ್ಬರಾನೂ ಅಲ್ಲ. ಅಮ್ಮನ ಮೇಲೆ ಕೋಪ. ಬರೀ ಕೋಪ." ಜೊತೆಗೊಂದು ನಗು ಇಮೋಜಿ. ಕೋಪ ಬಂತು ಅಂತ ಯಾರಾದರೂ ಖುಷಿ ಪಡೋದನ್ನ ನಾನು ನೋಡಿದ್ದು ಅದೇ ಮೊದಲು.

ನಿಮ್ಮ ಸುತ್ತ ಯಾರಾದರೂ ಹೀಗೆ ಕಂಡರೆ, 'ಎಷ್ಟು ಸಣ್ಣ ಆಗಿದ್ದೀಯ', 'ಎಷ್ಟು ದಪ್ಪ ಆಗಿದ್ದೀಯ' ಅನ್ನೋ ಮಾತು ಬಿಡಿ. ಜೊತೆಗೆ ಕೂತ್ಕೊಳ್ಳಿ. "ಗೊತ್ತಿಲ್ಲ" ಅಂದರೆ "ಸರಿ, ಪರವಾಗಿಲ್ಲ" ಅನ್ನಿ, ಉತ್ತರ ನೀವೇ ತುಂಬಬೇಡಿ. ಆದರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದನ್ನ ಮಾತ್ರ ಮುಂದಕ್ಕೆ ಹಾಕಬೇಡಿ. ತಲೆ ಸುತ್ತಿ ಬೀಳೋದು, ಎದೆ ಬಡಿತ ಏರುಪೇರಾಗೋದು ಕಂಡರೆ ಅವತ್ತೇ ಆಸ್ಪತ್ರೆಗೆ. ಯಾರನ್ನ ಕೇಳಬೇಕು ಅಂತ ಗೊತ್ತಾಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದನ್ನ ಮುನ್ನಡೆಸೋ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯವಾದದ್ದು. ಫೋನ್ ಮಾಡಿ ಏನು ಹೇಳಬೇಕು ಅಂತ ಗೊತ್ತಾಗಲ್ವಾ? "ಏನಾಗ್ತಿದೆ ಅಂತ ಗೊತ್ತಿಲ್ಲ" ಅಂತಲೇ ಶುರು ಮಾಡಿ. ಶುರು ಮಾಡೋಕೆ ಅಷ್ಟು ಸಾಕು.

ಇವತ್ತಿಗೆ ಇಷ್ಟೇ. ಊಟ ಆಯ್ತಾ ಅಂತ ಕೇಳೋದು ನಮ್ಮೂರ ಪ್ರೀತಿ, ಅದನ್ನ ಬಿಡೋದು ಬೇಡ. ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ, ಕೇಳಿ ಸ್ವಲ್ಪ ಕಾಯೋಣ. ಮುಂದಿನ ವಾರ ಸಿಗ್ತೀನಿ. ನಮಸ್ಕಾರ.